ಕಾರಿಗೆ ಜಿಪಿಎಸ್ ತಂದ ದಿನ

ಅವ್ವಾ,

ಇವತ್ತು ಯಾದಗಿರಿಯಲ್ಲಿ ಕಾರಿಗೆ ಜಿಪಿಎಸ್ ಕೊಂಡೆ. "ಚಲೋದೇ ತಗೊ. ನಿಮ್ಮವ್ವಗ ಆದಂಗ ನನಗಾಗಬಾರದು" ಎಂದು ಅಪ್ಪನೇ ಕಳಿಸಿದ.

ಅಂಗಡಿಯವನು ಮೂರು ತೋರಿಸಿದ. "ನೆಟ್‌ವರ್ಕ್ ಇಲ್ದಾಗ ಯಾವುದು ನಡೀತದರಿ?" ಎಂದೆ. "ಈ ದೊಡ್ಡದು ನೋಡ್ರಿ, ನಕ್ಷೆ ಇದರೊಳಗೇ ಅದ" ಎಂದ. ಅದನ್ನೇ ತಂದೆ.

ನಿನಗೆ ಎದೆನೋವು ಬಂದ ದಿನ ಫೋನಿನ ನಕ್ಷೆ ನಡುದಾರಿಯಲ್ಲಿ ನಿಂತುಹೋಗಿ ಆಸ್ಪತ್ರೆಗೆ ತಡವಾಯಿತೆಂದು ಅಪ್ಪನಿಗೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಹಿಂದಿನ ಸೀಟಿನಿಂದ ನೀನು, "ಎಡಕ್ಕ ಹೊರಳೋ ಶ್ರೀಮಂತ, ನನಗ ದಾರಿ ಗೊತ್ತದ" ಎಂದು ಎರಡು ಸಲ ಹೇಳಿದ್ದೆ. ಪುಣೆಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಸೊಕ್ಕಿನಲ್ಲಿ ನಾನು, "ನಿನಗೇನು ಗೊತ್ತಾಗ್ತದ, ಸುಮ್ಕಿರು" ಎಂದು ಗದರಿದೆ.

ನೀನು ಸುಮ್ಮನಾದೆ. ಆಸ್ಪತ್ರೆ ಮುಟ್ಟಿ ತಿರುಗಿ ನೋಡಿದರೆ ನಿನಗೆ ಉಸಿರಿರಲಿಲ್ಲ. ನರಳುವುದು ನನಗೆ ಕೇಳಬಾರದೆಂದು ನೀನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ, ಅವ್ವಾ.