ಹಾಲಮ್ಮನ ಕುರ್ಚಿಯ ಅಳತೆ

ಕಡೂರು
19 ಫೆಬ್ರವರಿ 1979, ಸೋಮವಾರ

ಭಾವನವರಾದ ಶ್ರೀ ಬೆನಕಪ್ಪನವರಿಗೂ, ಇಂದು ಅವರ ಮನೆಯಲ್ಲಿ ನೆರೆದಿರುವ ಬಂಧುಗಳೆಲ್ಲರಿಗೂ ಶರಣು.

ನನ್ನ ಮಗಳು ಹಾಲಮ್ಮನ ಹನ್ನೊಂದನೆಯ ದಿನದ ಗಣಾರಾಧನೆಗೆ ತರೀಕೆರೆಯಿಂದಲೂ ಬೀರೂರಿನಿಂದಲೂ ಕೆಲಸ ಬಿಟ್ಟು ಅಜ್ಜಂಪುರಕ್ಕೆ ಬಂದಿದ್ದೀರಿ. ನಿಮಗೆ ನಾನು ಕೃತಜ್ಞ. ಆದರೆ ನೀವು ತಂದಿರುವ ಸಾಂತ್ವನವನ್ನು ಸ್ವೀಕರಿಸಲಾರೆ. ಅದನ್ನು ಮಣ್ಣಾದ ದಿನದಿಂದ ತವರಿನಲ್ಲಿಯೇ ಉಳಿದಿರುವ ನನ್ನ ಪತ್ನಿ ಗುರುಶಾಂತಮ್ಮನಿಗೆ ಹೇಳಿ. ನನಗೆ ಅದರಲ್ಲಿ ಪಾಲಿಲ್ಲ. ಏಕಿಲ್ಲವೆಂಬುದು ಈ ಪತ್ರದಲ್ಲಿದೆ. ಪ್ರಸಾದಕ್ಕೆ ಏಳುವ ಮೊದಲು ಭಾವನವರು ಇದನ್ನು ಎಲ್ಲರಿಗೂ ಕೇಳುವಂತೆ ಓದಬೇಕೆಂದು ಕೋರುತ್ತೇನೆ.

ಮಣ್ಣು ಮುಗಿಸಿ ಬಂದ ಸಂಜೆ ಭಾವನವರು ಜಗಲಿಯ ಮೇಲೆ ನಿಂತು, “ಆ ಖಾಸಿಂ ಸಾಬನ ಕುರ್ಚಿನೇ ನಮ್ ಹುಡುಗೀನ ತಿಂದಾಕಿದ್ದು ಕಣ್ರೀ! ಹನ್ನೊಂದು ದಿನ ಮುಗೀಲಿ, ಅವನ ಉಳಿ, ಗರಗಸ ಎಲ್ಲಾ ಬೀದಿಗೆ ಎಸಿತೀನಿ” ಎಂದರು. ಬಡಗಿ ಖಾಸಿಂ ಸಾಬರ ಅಂಗಡಿ ಇರುವುದು ಭಾವನವರ ಕಟ್ಟಡದಲ್ಲಿಯೇ. “ಎಸೆಯಾಕೆ ನಾನೂ ಬತ್ತೀನಿ ಬಿಡಣ್ಣ” ಎಂದು ಅವರ ತಮ್ಮ ಓಬಳಪ್ಪ ದನಿಗೂಡಿಸಿದ. ನಾನು ಅದೇ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ತುಟಿ ಬಿಚ್ಚಲಿಲ್ಲ. ಈ ಹತ್ತು ದಿನವೂ ಬಿಚ್ಚಲಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ಖಾಲಿ ಮಾಡಿಸುವುದು ನಿಶ್ಚಯವಾಗಿದೆಯೆಂದು ತಿಳಿದ ಮೇಲೆ ಈಗ ಬಿಚ್ಚುತ್ತಿದ್ದೇನೆ.

ಎರಡನೆಯ ವರ್ಷದಲ್ಲಿ ಪೋಲಿಯೋ ಬಂದ ತರುವಾಯ ಹಾಲಮ್ಮನ ಬೆನ್ನು ಎಡಕ್ಕೆ ಬಾಗುತ್ತಾ ಹೋದದ್ದನ್ನು ನೀವು ಬಲ್ಲಿರಿ. ಕಳೆದ ಗೌರಿ ಹಬ್ಬದ ಹೊತ್ತಿಗೆ ಅವಳಿಗೆ ಹದಿನಾಲ್ಕು ತುಂಬಿತ್ತು. ಅವಳು ಕೂತು ಓದಲು ಒಂದು ಕುರ್ಚಿ ಮಾಡಿಸಬೇಕೆಂದು ತರೀಕೆರೆಯ ಡಿಪೊದಲ್ಲಿ ತೇಗದ ಹಲಗೆಗಳನ್ನು ನಾನೇ ಆರಿಸಿದೆ. ಖಾಸಿಂ ಸಾಬರನ್ನು ಕಡೂರಿಗೆ ಕರೆಸಿದೆ. ಅವರು ಬಂದವರೇ ಕೇಳಿದ್ದು ಹಲಗೆಯನ್ನಲ್ಲ, ಮಗುವನ್ನು. “ಒಂದ್ಗಳಿಗೆ ಗೋಡೆಗೆ ಒರಗಿ ಕೂತ್ಕಳ್ಳಲಿ ಲಾಯರ್ ಸಾಹೇಬ್ರೆ, ಬೆನ್ನಿಗೆ ಹುರಿ ಹಿಡ್ಕೊಂತೀನಿ. ಬೆನ್ನು ಎಲ್ಲಿ ಬಾಗೈತೋ ಅಲ್ಲಿ ಮರಾನೂ ಬಾಗಿಸ್ತೀನಿ.”

ನಾನು ಹುರಿ ಹಿಡಿಯಗೊಡಲಿಲ್ಲ. ಅಳತೆಯನ್ನು ಕಾಗದದಲ್ಲಿ ಬರೆದು ಕೊಟ್ಟೆ. ಅದು ನನ್ನ ಕಚೇರಿಯ ಕುರ್ಚಿಯ ಅಳತೆ; ಎತ್ತರವನ್ನಷ್ಟೇ ಇಳಿಸಿದ್ದೆ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಈ ಮಗೀಂದಲ್ಲ ಸಾಹೇಬ್ರೆ, ಇನ್ಯಾರದೋ ಬೆನ್ನು” ಎಂದರು. ವಾಲಿದ ಸಸಿಗೆ ಕೋಲು ಕಟ್ಟುವುದಿಲ್ಲವೇ, ಬಾಗಿದ ಬೆನ್ನಿಗೆ ಬಾಗಿದ ಕುರ್ಚಿ ಕೊಟ್ಟರೆ ಬೆನ್ನು ನೆಟ್ಟಗಾಗುವುದೆಂತು ಎಂದು ನಾನು ಕೇಳಿದೆ. “ಸಸಿ ಬಾಯ್ಬಿಟ್ಟು ನೋವು ಅನ್ನಾಕಿಲ್ವಲ್ಲ ಸಾಹೇಬ್ರೆ” ಎಂದರು. ನೀವು ಬಡಗಿಯೋ ವೈದ್ಯರೋ ಎಂದೆ. ಅವರು ತಲೆ ತಗ್ಗಿಸಿ ಕಾಗದವನ್ನು ಜೇಬಿಗಿಟ್ಟುಕೊಂಡರು. ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲುಗಳನ್ನು ಗೆದ್ದವನಿಗೆ, ಇಪ್ಪತ್ತು ವರ್ಷ ಕೋರ್ಟಿನಲ್ಲಿ ವಾದಿಸಿದವನಿಗೆ, ಒಬ್ಬ ಬಡಗಿಯ ಬಾಯಿ ಮುಚ್ಚಿಸುವುದು ಎಷ್ಟರ ಕೆಲಸ! ಅಂದು ಊಟ ರುಚಿಸಿತ್ತೆಂಬುದೂ ನನಗೆ ನೆನಪಿದೆ.

ಬರೆದು ಕೊಟ್ಟಂತೆಯೇ ಕುರ್ಚಿ ಬಂತು. ಅವಳ ಎದೆಗೆ ಅಡ್ಡಲಾಗಿ ಕಟ್ಟಲು ಚರ್ಮದ ಪಟ್ಟಿಯನ್ನು ನಾನೇ ಹೊಲಿಸಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಮೊದಲ ವಾರ ಅವಳು ನಗುತ್ತಲೇ, “ಅಪ್ಪಾಜಿ, ಈ ಕುರ್ಚಿ ಥೇಟ್ ನಿಮ್ಮಂಗೇ ಐತೆ, ಒಸೀನೂ ಬಗ್ಗಲ್ಲ” ಎಂದಳು. ನಾನು ಅದನ್ನು ಹೊಗಳಿಕೆಯೆಂದು ತಿಳಿದೆ. ಮುಂದೆ ಒಂದು ದಿನ, ಬೆನ್ನು ಉರಿಯುತ್ತಿದೆ ಎಂದಳು. ಉರಿ ಬೆನ್ನು ತಿದ್ದಿಕೊಳ್ಳುತ್ತಿರುವುದರ ಗುರುತು ಎಂದೆ. ಅದರ ನಂತರ ಅವಳು ಹೇಳಲಿಲ್ಲ. ಸಂಕ್ರಾಂತಿ ಕಳೆದು ಗುರುಶಾಂತಮ್ಮ ಅವಳಿಗೆ ಎಣ್ಣೆ ಹಚ್ಚಲು ಕೂತಾಗ ರವಿಕೆ ಬೆನ್ನಿಗೆ ಅಂಟಿಕೊಂಡು ಬಿಡಲೊಲ್ಲದು. ಎಲುಬು ಹಲಗೆಗೆ ಒತ್ತುತ್ತಿದ್ದ ಜಾಗದಲ್ಲಿ ಅಂಗೈಯಗಲ ಹುಣ್ಣು. ಹುಣ್ಣಿನ ನಂಜು ರಕ್ತಕ್ಕೆ ಏರಿದೆಯೆಂದು ವೈದ್ಯರು ಹೇಳಿದರು. ಒಂಬತ್ತು ದಿನ ಜ್ವರದಲ್ಲಿ ಬೆಂದಳು.

ನಮ್ಮ ಪದ್ಧತಿಯಂತೆ ಮಣ್ಣು ಮಾಡಲು ಅವಳನ್ನು ಕುಳ್ಳಿರಿಸಿದಾಗ ದೇಹ ಎಡಕ್ಕೆ ವಾಲಿತು. “ನೆಟ್ಟಗೆ ಕಟ್ಟಿ” ಎಂದು ನಾನು ಹೇಳಿದ್ದನ್ನು ನೀವೆಲ್ಲ ಕೇಳಿದಿರಿ. ಗುರುಶಾಂತಮ್ಮ ನನ್ನ ಕೈ ತಳ್ಳಿ, “ಸತ್ ಮ್ಯಾಲಾದ್ರೂ ನನ್ ಮಗಳನ್ನ ಬಗ್ಗಿ ಕೂರಾಕೆ ಬಿಡ್ರೀ” ಎಂದದ್ದನ್ನೂ ಕೇಳಿದಿರಿ. ದುಃಖದಲ್ಲಿ ಏನೋ ಅಂದಳೆಂದು ಅವಳನ್ನು ಆಚೆ ಕರೆದುಕೊಂಡು ಹೋದಿರಿ. ಅಲ್ಲಿ ಸತ್ಯ ಹೇಳಿದವಳು ಅವಳೊಬ್ಬಳೇ.

ಆದಕಾರಣ ನಾನು ಒಂದು ನಿರ್ಧಾರ ಮಾಡಿದ್ದೇನೆ. ಗುರುಶಾಂತಮ್ಮನನ್ನು ಕೇಳಿಲ್ಲ. ಖಾಸಿಂ ಸಾಬರನ್ನೂ ಕೇಳಿಲ್ಲ. ಕೇಳಿದ್ದರೆ ಸತ್ತವರ ಮನೆಯ ಮರ್ಯಾದೆ ಎಂದು ಅವರು ತಡೆಯುತ್ತಿದ್ದರು. ಈ ಪತ್ರ ತಂದಿರುವ ನನ್ನ ಗುಮಾಸ್ತ ಹೊನ್ನಯ್ಯ, ನಿಮ್ಮಲ್ಲಿಗೆ ಬರುವ ಮೊದಲೇ ನನ್ನ ಸಹಿಯುಳ್ಳ ಇದರ ಒಂದು ಪ್ರತಿಯನ್ನು ಆ ಅಂಗಡಿಯ ಬಾಗಿಲಿಗೆ ಅಂಟಿಸಿದ್ದಾನೆ. ನಾಳೆ ಮೊದಲ ಬಸ್ಸಿಗೆ ಬಂದು ನಾನು ಆ ಬಾಗಿಲಿಗೆ ಅಡ್ಡ ಕೂರುತ್ತೇನೆ. ಉಳಿ, ಗರಗಸ ಎಸೆಯಲು ಬಂದವರು ಮೊದಲು ನನ್ನನ್ನು ಎತ್ತಿ ಎಸೆಯಲಿ. ದಾರಿಹೋಕರು ಏಕೆ ಕೂತಿರಿ ಎಂದು ಕೇಳಿದರೆ, ಮಗಳನ್ನು ಕೊಂದ ಅಳತೆ ನನ್ನದು ಎಂದು ಹೇಳುತ್ತೇನೆ. ನಾಳೆ, ನಾಡಿದ್ದು, ಭಾವನವರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ. ಈ ವಿಷಯದಲ್ಲಿ ನಾನು ಯಾರೊಡನೆಯೂ ವಾದಿಸುವುದಿಲ್ಲ.

ಇತಿ,
ಹಾಲಮ್ಮನ ತಂದೆ
ಈರಭದ್ರಪ್ಪ, ವಕೀಲ

ಮ. ವಿ.: ಭಾವನವರೇ, ಇಲ್ಲಿಂದ ಮುಂದಕ್ಕೆ ಸಭೆಗೆ ಓದಬೇಡಿ, ಗುರುಶಾಂತಮ್ಮನಿಗೆ ಮಾತ್ರ ಓದಿ ಹೇಳಿ. ಅಂಗಡಿ ಬಾಗಿಲಿನ ಪ್ರತಿಯಲ್ಲಿ ಇದನ್ನು ಬರೆಯಲು ನನಗೆ ಕೈ ಏಳಲಿಲ್ಲ. ದೀಪಾವಳಿಗೆ ಅವಳು ತವರಿಗೆ ಬಂದಿದ್ದಾಗ ಖಾಸಿಂ ಸಾಬರು ಬಸ್ಸಿನ ಮೇಲೆ ಇನ್ನೊಂದು ಕುರ್ಚಿಯನ್ನು ಹೇರಿಕೊಂಡು ನಮ್ಮ ಮನೆಗೆ ಬಂದರು. ಹಲಸಿನ ಮರದ್ದು. ಯಾರೂ ಹೇಳದೆ, ಬರೀ ಕಣ್ಣಳತೆಯಲ್ಲಿ, ಎಡಕ್ಕೆ ಬಾಗಿಸಿ ಮಾಡಿದ್ದು. “ಸುಮ್ನೆ ಒಂದ್ಸಲ ಕೂತು ನೋಡ್ಲಿ ಸಾಹೇಬ್ರೆ” ಎಂದರು. ಹಾಲಮ್ಮ ಕೂತಳು. ಕೂತವಳು ಹಾಗೆಯೇ ನಿದ್ದೆ ಹೋದಳು. ಅವಳು ಕೂತಲ್ಲಿ ನಿದ್ದೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳನ್ನು ಎಬ್ಬಿಸಿ, ಕುರ್ಚಿಯನ್ನು ಮುಂದಿನ ಬಸ್ಸಿಗೆ ಹಿಂದಕ್ಕೆ ಕಳಿಸಿದೆ. ಅಮ್ಮನಿಗೆ ಹೇಳಕೂಡದೆಂದು ಅವಳಿಂದ ಮಾತು ತೆಗೆದುಕೊಂಡೆ. ಜ್ವರದಲ್ಲಿ ಏನೇನೋ ಬಡಬಡಿಸಿದಳು, ಆದರೆ ಇದನ್ನು ಮಾತ್ರ ಹೇಳಲಿಲ್ಲ.