ಮುಚ್ಚಳ ತೆಗೆಯುವ ಮುನ್ನ

ಬಸವಕಲ್ಯಾಣ
9 ಫೆಬ್ರುವರಿ 2025, ಭಾನುವಾರ

ರತ್ನದೀಪ ಅವರಿಗೆ,

ಜೈಭೀಮ್. ಫೋನ್ ಮಾಡಿದರೆ ಕಟ್ ಮಾಡುತ್ತೀರಿ, ಅದಕ್ಕೇ ಈ ಕಾಗದ. ನಿಮ್ಮ ಕಾರ್ಖಾನೆಯ ಪ್ಯಾಕಿಂಗಿನಲ್ಲಿರುವ ಫರಹತ್ ನಾಳೆ ಬೆಳಿಗ್ಗೆ ಹುಮನಾಬಾದ್ ಬಸ್ಸಿಗೆ ಹೋಗುವಾಗ ಒಯ್ಯುತ್ತಾಳೆ. ಅವಳೆದುರು ಇದನ್ನು ಹರಿದು ಹಾಕಬೇಡಿ.

ಅವ್ವ ಉಣ್ಣುತ್ತಾಳೆ, ಮಾತು ಕಡಿಮೆ. ಸಂಘಪಾಲನ ಡ್ಯೂಟಿ ಶರ್ಟನ್ನು ಮೊನ್ನೆ ಮತ್ತೆ ಒಗೆದಳು. ಕೊಳೆತ ತತ್ತಿಯ ವಾಸನೆ ಇನ್ನೂ ಹೋಗಿಲ್ಲವಂತೆ. ನನಗೆ ಸಾಬೂನಿನ ವಾಸನೆಯಷ್ಟೇ ಬಂತು.

ನನ್ನ ತಮ್ಮ ಎದೆ ನಿಂತು ಸತ್ತ ಎನ್ನುತ್ತಾರೆ ಕಾರ್ಖಾನೆಯವರು. ದವಾಖಾನೆಯಲ್ಲಿ ಅವನ ಕೈ ಹಿಡಿದವಳು ನಾನು. ಬೆರಳಿನ ಬೆಳ್ಳಿ ಉಂಗುರ ಇದ್ದಲಿನಂತಾಗಿತ್ತು. ಎದೆ ನಿಂತರೆ ಬೆಳ್ಳಿ ಕಪ್ಪಾಗುತ್ತದೆಯೇ? ವಿಷದ ಗ್ಯಾಸಿಗೆ ಆಗುತ್ತದೆ.

ಅಂದು ಸಂಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತವರು ನೀವು. ಕೊಳಚೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಾಗ ಅವನು ಹಿಂದೆ ಸರಿದನೆಂದು ನೀವೇ ಹೇಳಿದಿರಿ. "ಮಾಮಾ, ಗ್ಯಾಸ್ ಭಾಳ ಹೊಡ್ಯಾಕತ್ತದ. ಮಾಸ್ಕ್ ಕೊಡ್ರಿ, ಇಳೀತೀನಿ" ಅಂದಿದ್ದನಂತೆ. ಮಾಸ್ಕು, ಹಗ್ಗ ಎಲ್ಲ ಸ್ಟೋರಿನಲ್ಲಿ. ಚಾವಿ ಮ್ಯಾನೇಜರನ ಬಳಿ. ತಪಾಸಣೆಗೆ ಸಾಹೇಬರು ಬಂದಾಗ ಮಾತ್ರ ಅವು ಹೊರಗೆ. ಮ್ಯಾನೇಜರ್ ಫೋನಿನಲ್ಲೇ, "ಇಷ್ಟ ಕೆಲಸಕ್ಕ ಮಾಸ್ಕ್ ಯಾಕ? ಇಳಸು ಅವನಿಗಿ" ಎಂದ. ನೀವು ಇಳಿಸಿದಿರಿ. ಅರ್ಧ ಏಣಿಯಲ್ಲೇ ಅವನ ಕೈ ಬಿಟ್ಟಿತು.

ಬೀದರಿನಿಂದ ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮಾತ್ರ, "ಅವ ಯಾರಿಗೂ ಕೇಳದ ತಾನೇ ಇಳದಾನ್ರಿ" ಎಂದಿರಿ. ನಾನು ಬಾಗಿಲಲ್ಲೇ ನಿಂತಿದ್ದೆ. ನೀವು ನನ್ನತ್ತ ನೋಡಲಿಲ್ಲ. ಅಂದೇ ನಾನು ಅವ್ವನ ಮನೆಗೆ ಬಂದೆ.

ಮತ್ತೆ ವಿಚಾರಣೆ ನಡೆಸಿ ಎಂದು ಈಗ ಅರ್ಜಿ ಕೊಟ್ಟಿದ್ದೇನೆ. "ಕಣ್ಣಿಲೆ ನೋಡ್ದವರು ಹೇಳಬೇಕವ್ವಾ" ಅಂದರು ಬೀದರಿನ ಸಾಹೇಬರು. ನೋಡಿದವರು ನೀವೊಬ್ಬರೇ.

ಅರ್ಜಿ ಕೊಟ್ಟ ಮೇಲೆ ಮ್ಯಾನೇಜರನ ಕಾರು ನಮ್ಮ ಓಣಿಗೆ ಬಂದಿತ್ತು. ಅವನು ಕೆಳಗಿಳಿಯಲಿಲ್ಲ. ಗಾಜು ಇಳಿಸಿ ಅವ್ವನಿಗೆ, "ಅಳಿಯ ಇನ್ನಾ ನಮ್ಮಲ್ಲೇ ಕೆಲಸ ಮಾಡಾಕತ್ತಾನಲ್ಲ ಕಮಳಾಬಾಯಿ, ಅವನ ಕಾಳಜಿ ಮಾಡ್ರಿ" ಎಂದು ನಕ್ಕು ಹೋದ. ಎಷ್ಟು ಮರ್ಯಾದಸ್ಥ ಎಂದಳು ಅವ್ವ. ನಾನು ಒಳಗೆ ಓಡಿ ನಿಮಗೆ ಫೋನ್ ಹಚ್ಚಿದೆ, ನೀವು ಕಟ್ ಮಾಡಿದಿರಿ.

ಸಂಘಪಾಲ ಸತ್ತಂದಿನಿಂದ ಮುಚ್ಚಿಟ್ಟ ಆ ಟ್ಯಾಂಕು ತುಂಬಿ ಬಂದಿದೆ, ಇನ್ನು ತೆರೆಯಲೇಬೇಕು ಎಂದು ಫರಹತ್ ಹೇಳುತ್ತಿದ್ದಳು. ಈ ಸಲ ಯಾರನ್ನು ಇಳಿಸುತ್ತೀರಿ? ನಿಮ್ಮ ಕೈಕೆಳಗಿನ ಧರ್ಮೇಂದ್ರನನ್ನೇ? ಅವನ ಹೆಂಡತಿ ಬಸುರಿ. ಮಾಸ್ಕಿಲ್ಲದೆ ಯಾರನ್ನೂ ಇಳಿಸುವುದಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಬೀದರಿಗೆ ಹೋಗಿ ನಿಜ ನುಡಿಯಿರಿ. ಕೆಲಸ ಹೋದರೆ ಹೋಗಲಿ.

ವಾಪಸ್ ಬರುವ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ನಿಮ್ಮ ಬಗ್ಗೆ ನನ್ನಲ್ಲಿ ಏನೂ ಉಳಿದಿಲ್ಲ.

ಇಂತಿ,
ಸಂಘಪಾಲನ ಅಕ್ಕ
ಆಮ್ರಪಾಲಿ

ತಾ.ಕ.: ಸೋಮವಾರ ಬೆಳಿಗ್ಗೆ. ಫರಹತ್ ಬಾಗಿಲಲ್ಲಿ ನಿಂತಿದ್ದಾಳೆ. ಟ್ಯಾಂಕಿಗೆ ಇಳಿಯಲು ಯಾರೂ ಒಪ್ಪಲಿಲ್ಲವಂತೆ. "ಏನೂ ಆಗಲ್ಲಂತ ನೀನೇ ಮೊದಲ ಇಳದು ತೋರ್ಸು" ಎಂದು ಮ್ಯಾನೇಜರ್ ನಿಮಗೆ ಹೇಳಿದನಂತೆ. ನೀವು ಹೂಂ ಎಂದಿರಂತೆ, ಅದೂ ಇವತ್ತೇ. ನಿಮ್ಮ ಫೋನ್ ಬಂದ್ ಇದೆ. ಬೀದರಿನ ಸಾಹೇಬರು ಎತ್ತುತ್ತಿಲ್ಲ. ನಾನೂ ಇದೇ ಬಸ್ಸಿಗೆ ಬರುತ್ತಿದ್ದೇನೆ. ಗೇಟಿನವರು ನನ್ನನ್ನು ಒಳಗೆ ಬಿಡಲಿಕ್ಕಿಲ್ಲ, ಕಾಗದವನ್ನು ಫರಹತ್ ತಂದುಕೊಡುತ್ತಾಳೆ. ಇಳಿಯಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಗೇಟಿನ ಹೊರಗೇ ನಿಂತಿರುತ್ತೇನೆ. ನೀವು ಬರುವವರೆಗೂ.