ಅತ್ತೆ, ನಾನು ಮತ್ತು ಸಾಂತೋರಿನಿ

11 ಆಗಸ್ಟ್ 1985, ಭಾನುವಾರ. ನರೋಣಾ

ಐದನೇ ತರಗತಿಯ ಮೂವತ್ತೆಂಟು ನೋಟುಬುಕ್ಕು ತಿದ್ದಿ ಮುಗಿಸಿದೆ. ಅರ್ಧ ಮಕ್ಕಳ ನಕಾಶೆಯಲ್ಲಿ ಭೀಮಾ ನದಿ ಬೀದರಿನ ಮೇಲೆ ಹರಿದಿದೆ!

ನಿನ್ನೆ ಎಲೆನಿಯ ಪತ್ರ ಬಂತು. ಹದಿಮೂರು ವರ್ಷದಿಂದ ನನ್ನ ಪೆನ್‌ಫ್ರೆಂಡ್, ಪತ್ರದ ಗೆಳತಿ. ಫೋಟೋ ಬಿಟ್ಟರೆ ಮುಖ ನೋಡಿಲ್ಲ. ಗ್ರೀಸ್ ದೇಶದ ಸಾಂತೋರಿನಿ ದ್ವೀಪದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುತ್ತಾಳೆ. ಸಿನೆಮಾದವರು, ಹಡಗಿನ ಮಾಲೀಕರು ಬಂದಿಳಿಯುವ ಜಾಗವಂತೆ. ಈ ಸಲ ಬರೆದಿದ್ದಾಳೆ: ಮೇ ತಿಂಗಳಲ್ಲಿ ಬಾ ಹೀರಾ, ಸಮುದ್ರದ ಕಡೆಯ ಕೋಣೆ ನಿನಗೇ.

ಹೋಗುತ್ತೇನೆ. ಬರೆದುಬಿಟ್ಟೆ ನೋಡು. ನಲವತ್ತನಾಲ್ಕು ವಯಸ್ಸು. ನನ್ನವರು ತೀರಿಕೊಂಡು ಹದಿನಾರು ವರ್ಷ. ಬೇಸಿಗೆ ರಜೆ ಎಂದರೆ ಇಷ್ಟು ವರ್ಷ ಹಪ್ಪಳ, ಸಂಡಿಗೆ…

ಎಲೆನಿ ಕಳಿಸಿದ ಚಿತ್ರ ಅತ್ತೆಗೆ ತೋರಿಸಿದೆ. ಬಿಳಿ ಮನೆಗಳು, ನೀಲಿ ಗುಮ್ಮಟ.

"ಸುಣ್ಣ ಮಸ್ತ್ ಬಳದಾರ," ಎಂದರು. ಅಷ್ಟೇ.

15 ಆಗಸ್ಟ್

ಶಾಲೆಯಲ್ಲಿ ಝಂಡಾ ಏರಿಸಿ ಬಂದರೆ ಮೈದುನ ದೌಲತರಾಯ ಆಳಂದದಿಂದ ಬಂದು ಕೂತಿದ್ದ. ಸುದ್ದಿ ಮುಟ್ಟಿದೆ.

"ವೈನಿ, ಒಬ್ಬಾಕಿ ಹೆಣಮಗಳು ಪರದೇಶಕ್ಕ ಹೋದ್ರ ಮಂದಿ ಏನಂತಾರ?"

"ಅನ್ನಲಿ ಬಿಡು. ಮೇ ತನಕಾ ಟೈಮ್ ಅದ, ಅಂದು ಮುಗಸಲಿ."

ನಾನೇ ಅಂದೆನೇ ಇದನ್ನು! ಚಹಾ ಕುಡಿಯದೇ ಎದ್ದುಹೋದ.

23 ಸೆಪ್ಟೆಂಬರ್

ಸರಕಾರಿ ನೌಕರಿಯವಳು, ಪಾಸ್‌ಪೋರ್ಟಿಗೆ ಮೇಲಿನವರ ಒಪ್ಪಿಗೆ ಪತ್ರ ಬೇಕು. ಗುಲಬರ್ಗಾದ ಶಿಕ್ಷಣ ಇಲಾಖೆಯ ಆಫೀಸಿಗೆ ಇದು ನಾಲ್ಕನೇ ಸಲ. ಸಾಹೇಬರು ತಲೆ ಎತ್ತಲಿಲ್ಲ.

"ಜೋಡಿ ಮನಿಯವರು ಯಾರ ಅದಾರ್ರಿ? ಒಬ್ರಿಗೇ ಕೊಡಾಕ ಬರಂಗಿಲ್ಲ."

ಅಂಥ ನಿಯಮ ಎಲ್ಲಿದೆ ಎಂದು ಕೇಳಿದೆ. ಫೈಲು ಮುಚ್ಚಿದರು. ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಎಲ್ಲ ಕೇಳಿ ಕೈಯ ಹಿಟ್ಟು ಕೊಡವಿದರು.

"ಮನಿಯವರು ಬೇಕಂತೇನು? ನಾ ಮನಿಯಾಕಿ ಅಲ್ಲೇನ್ ಬೇ? ನನ್ನ ಹೆಸರ ಬರಿ."

"ನೀವಾ? ಗ್ರೀಸಿಗಾ?"

"ಐವತ್ತ ವರ್ಷ ಈ ಒಲೀ ಮುಂದ ಕುಂತೇನಿ. ಇನ್ನೊಂದೂರ ನೋಡಬಾರದೇನು? ಕೈಯಾಗ ಬಂಗಾರದ ಪಾಟ್ಲಿ ಅವ, ಮಾರಿ ಟಿಕೆಟ್ ತಗಿ."

7 ಅಕ್ಟೋಬರ್

ಅತ್ತೆಯನ್ನು ಆಫೀಸಿಗೆ ಕರೆದೊಯ್ದೆ. ಅಲ್ಲ, ಅವರೇ ನನ್ನನ್ನು ಕರೆದೊಯ್ದರು.

"ಸಾಹೇಬ್ರ, ಆಕಿ ಮನಿಯವರು ನಾನ್ರಿ. ಸಹಿ ಮಾಡ್ರಿ. ಮಾಡೂತನಾ ಇಲ್ಲೇ ಕೂಡ್ತೇನಿ."

ಬಾಗಿಲಿಗೆ ಅಡ್ಡ ಕೂತು ಎಲೆ ಅಡಿಕೆ ಚೀಲ ಬಿಚ್ಚಿದರು. ಸಾಹೇಬರಿಗೆ ಊಟಕ್ಕೆ ಹೋಗಲು ದಾರಿಯಿಲ್ಲ. ಒಂದೂವರೆಗೆ ಸಹಿ ಆಯಿತು! ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಭಜಿ ತಿಂದೆವು. ಎರಡೆರಡು ಪ್ಲೇಟು.

20 ನವೆಂಬರ್

ಪಾಸ್‌ಪೋರ್ಟ್ ಫಾರ್ಮಿಗೆ ಹೆಬ್ಬೆಟ್ಟು ನಡೆಯುತ್ತದೆ ಎಂದು ಅತ್ತೆಗೆ ಹೇಳಿದ್ದೆ.

"ಸಾಲಿ ಅಕ್ಕೋರ ಅತ್ತಿ ಹೆಬ್ಬಟ್ಟ ಒತ್ತಬೇಕೇನು?"

ಆರು ವಾರ ಪಾಟಿ, ಬಳಪ. ಮೊದಲ ಅಕ್ಷರವೇ ಕಾಡಿತು. ಇಂದು ಪೆನ್ನು ಹಿಡಿದು ತಾವೇ ಬರೆದರು — ಗೌರಾಬಾಯಿ. ಕೊನೆಯ ಅಕ್ಷರ ಗೆರೆ ದಾಟಿ ಹೊರಗೆ ಹೋಗಿದೆ. ಇರಲಿ.

ಇಪ್ಪತ್ತೊಂದು ವರ್ಷ ಊರ ಮಕ್ಕಳಿಗೆಲ್ಲ ಕಲಿಸಿದೆ. ಮನೆಯಲ್ಲಿದ್ದವರನ್ನು 'ಕಲೀತೀರೇನು' ಎಂದು ಒಮ್ಮೆಯೂ ಕೇಳಿರಲಿಲ್ಲ.

18 ಫೆಬ್ರವರಿ 1986

ಬಂದವು! ಪೋಸ್ಟ್‌ಮನ್ ಖಂಡಪ್ಪ ಓಣಿಯ ತುದಿಯಿಂದಲೇ ಕೂಗುತ್ತ ಬಂದ. ಎರಡು ಪಾಸ್‌ಪೋರ್ಟು.

ಸಂಜೆ ದೌಲತರಾಯ ಬಂದ. ಆರು ತಿಂಗಳ ಮೇಲೆ. ಪುಟ ತಿರುವುತ್ತ ತಾಯಿಯ ಸಹಿ ಬಂದಾಗ ನಿಂತ.

"ಅವ್ವಾ… ಇದು ನೀ ಬರದೀದಿ?"

"ಹೂಂ. ನಿನ್ನ ಹೆಸರೂ ಬರೀಲೇನು?"

ಕಣ್ಣೊರೆಸಿಕೊಂಡ. "ವೈನಿ, ಬಂಬೈ ತನಕಾ ನಾನ ಬಿಟ್ಟು ಬರ್ತೇನಿ," ಎಂದ. ಚಹಾ ಕುಡಿದ.

2 ಮೇ, ಸಂಜೆ 4. ಬಂಬೈ ವಿಮಾನ ನಿಲ್ದಾಣ

ದೌಲತರಾಯ ಬಾಗಿಲಲ್ಲೇ ಉಳಿದ. ಒಳಗೆ ನಾವಿಬ್ಬರೇ. ಅತ್ತೆ ಹೊಸ ಇಳಕಲ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು.

ಗಾಜಿನ ಹಿಂದಿನ ಅಧಿಕಾರಿ ಹಿಂದಿಯಲ್ಲಿ ಕೇಳಿದ: ಯಾವ ಕೆಲಸಕ್ಕೆ ಹೋಗುತ್ತಿದ್ದೀರಿ? ಮಗ ಅಲ್ಲಿದ್ದಾನೆಯೇ? ಚಿಕಿತ್ಸೆಯೇ? ನಾನು ಶಬ್ದ ಹುಡುಕುತ್ತಿದ್ದೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. ಆಳಂದದ ಸಂತೆಯಲ್ಲಿ ಕಲಿತ ಮಾತು:

"ಕಾಮ್ ನಹೀ ಸಾಬ್. ಘೂಮ್ನೆಕು ಜಾರೇ!"

ಸಾಲಿನವರೆಲ್ಲ ತಿರುಗಿ ನೋಡಿದರು. ಕೆಲಸವಿಲ್ಲ, ಸುಮ್ಮನೆ ತಿರುಗಾಡಲು. ಅಧಿಕಾರಿ ನಕ್ಕು ಠಪ್ಪನೆ ಎರಡು ಠಸೆ ಒತ್ತಿದ.

ಈಗ ವಿಮಾನಕ್ಕೆ ಕರೆಯುತ್ತಿದ್ದಾರೆ. ಅತ್ತೆ ಆಗಲೇ ಸಾಲಿನ ಮುಂದೆ. "ಹೀರಾ, ಬರಿಯೂದು ಸಾಕು, ಬಾ ಬೇ," ಎಂದು ಕೈ ಬೀಸಿ—